ಒಂಬತ್ತನೇ ‘ಬಿ’ಯ ಅಳುಮುಖ

ಶಾಲೆಯಿಂದ ಫೋನ್ ಬಂದಾಗ ಅಲಮೇಲಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಸಂಕ್ರಾಂತಿ ಕಳೆದಿತ್ತಷ್ಟೆ. ಚಿಕ್ಕಬಳ್ಳಾಪುರದ ಯಾವ ಮನೆಗೆ ಹೋದರೂ ಸೊಗಡಿನ ಅವರೆಯದೇ ವಾಸನೆ. ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನೆತ್ತಿದರೆ ಆ ಕಡೆಯಿಂದ ಒಂದು ಹೆಣ್ಣುದನಿ, “ಅಪೇಕ್ಷಾ ಗಾರ್ಡಿಯನ್ನಾ? ಪ್ರಿನ್ಸಿಪಾಲ್ ಸರ್ ತಕ್ಷಣ ಬರ್ಬೇಕಂತೆ” ಎಂದಿತು. ಮಗುವಿಗೆ ಜ್ವರವೇ, ಬಿದ್ದು ಕೈಕಾಲು ಮುರಿದುಕೊಂಡಳೇ ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟಾಗಿತ್ತು.

ಮಗ ಶ್ರೀಕರ್, ಸೊಸೆ ಶುಭಾ ಇಬ್ಬರೂ ಬೆಳಗಾಗುತ್ತಲೇ ಬೆಂಗಳೂರಿನ ಕೆಲಸಕ್ಕೆ ಹೊರಟರೆ ಮನೆ ಸೇರುವುದು ದೀಪ ಹಚ್ಚಿದ ಮೇಲೆ. ಹಗಲಿನ ಮಟ್ಟಿಗೆ ಮೊಮ್ಮಗಳಿಗೆ ಅಪ್ಪ, ಅಮ್ಮ, ಅಜ್ಜಿ ಮೂರೂ ಅಲಮೇಲಮ್ಮನೇ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತರಾದ ಹೆಂಗಸು. ತಹಸೀಲ್ದಾರರ ಮುಂದೆಯೂ ದನಿ ತಗ್ಗಿಸಿದವರಲ್ಲ ಎಂದು ಓಣಿಯಲ್ಲಿ ಹೆಸರು. ಆದರೆ ಶಾಲೆಯಿಂದ ಫೋನ್ ಬಂದರೆ ಎಂಥ ಗಟ್ಟಿಗಿತ್ತಿಗೂ ಗಾಬರಿಯೇ. ಸೀರೆಯನ್ನೂ ಬದಲಾಯಿಸದೆ ಆಟೋ ಹತ್ತಿದರು.

ಶಾಲೆಯ ಹೆಸರು ಇಲ್ಲಿ ಬೇಡ. ಹೆಸರಿಗೇನೂ ಕಡಿಮೆಯಿಲ್ಲ, ಅದರಲ್ಲಿ ಸರಸ್ವತಿಯೂ ಇದ್ದಾಳೆ, ಇಂಟರ್‌ನ್ಯಾಷನಲ್ ಕೂಡ ಇದೆ. ಗೇಟಿನ ಮೇಲೆ ಆಳೆತ್ತರದ ಫ್ಲೆಕ್ಸ್: ‘ಎಸ್ಸೆಸ್ಸೆಲ್ಸಿಯಲ್ಲಿ ಸತತ ಶೇಕಡ ನೂರು ಫಲಿತಾಂಶ’. ಆ ಫ್ಲೆಕ್ಸ್ ನೋಡಿಯೇ ಅಲ್ಲವೇ ಮಂಡಿಕಲ್, ಪೆರೇಸಂದ್ರದ ಕಡೆಯವರೂ ಮಕ್ಕಳನ್ನು ಬೆಳ್ಳಂಬೆಳಿಗ್ಗೆ ಬಸ್ಸಿಗೆ ತುಂಬಿ ಇಲ್ಲಿಗೆ ಕಳಿಸುವುದು! ಮುಂದಿನ ವರ್ಷದ ಅಡ್ಮಿಷನ್ ಶುರುವಾಗಿತ್ತು. ವರಾಂಡದ ಬೆಂಚಿನ ಮೇಲೆ ಅರ್ಜಿ ಹಿಡಿದ ತಂದೆತಾಯಂದಿರು ಡಾಕ್ಟರ ಮುಂದೆ ಕೂತ ರೋಗಿಗಳಂತೆ ಸದ್ದಿಲ್ಲದೆ ಕೂತಿದ್ದರು.

ಒಳಗೆ ಪ್ರಿನ್ಸಿಪಾಲ್ ಮೋಹನ್‌ಬಾಬು. ಶಾಲೆಯ ಮಾಲೀಕರೂ ಅವರೇ. ಗೌರಿಬಿದನೂರು ಕಡೆಯವರು; ಮಾತು ಸಿಹಿ, ನಡುನಡುವೆ ತೆಲುಗು ಇಣುಕುತ್ತದೆ. ಅವರ ಪಕ್ಕದಲ್ಲಿ ಒಂಬತ್ತನೇ ‘ಬಿ’ಯ ಕ್ಲಾಸ್ ಟೀಚರ್ ಲಾವಣ್ಯ ಕೈಕಟ್ಟಿ ನಿಂತಿದ್ದಳು. ಮೊನ್ನೆಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿ.

“ರಂಡಮ್ಮಾ, ಬನ್ನಿ ಕೂತ್ಕೊಳ್ಳಿ ಮೇಡಂ. ಒಂದು ಬೇಜಾರಿನ ವಿಷಯ,” ಎಂದರು ಮೋಹನ್‌ಬಾಬು. “ಇಡೀ ಸ್ಕೂಲಲ್ಲಿ ಎಲ್ಲಾ ಮಕ್ಕಳೂ ನಗ್ತಾ ಇದಾರೆ. ನಿಮ್ಮ ಮೊಮ್ಮಗಳು ಒಬ್ಳೇ ಅಳ್ತಾ ಇದಾಳೆ.”

ಕೂರಲು ಹೊರಟಿದ್ದ ಅಲಮೇಲಮ್ಮ ನಿಂತುಬಿಟ್ಟರು. “ಅಳ್ತಾ ಇದಾಳಾ? ಎಲ್ಲಿದಾಳೆ? ಏನಾಯ್ತು ಅವಳಿಗೆ?”

“ಅಯ್ಯೋ, ಈಗ ಅಲ್ಲಮ್ಮಾ. ಟ್ಯಾಬಲ್ಲಿ.”

ಆಮೇಲೆ ವಿಷಯ ಬಿಡಿಸಿ ಹೇಳಿದರು. ಬೆಂಗಳೂರಿನ ಒಂದು ಕಂಪನಿ ಶಾಲೆಶಾಲೆಗೂ ಹೋಗಿ ‘ಸಂತೋಷ ಸಮೀಕ್ಷೆ’ ನಡೆಸುತ್ತದೆ. ಶಾಲೆಗೆ ಬರಲು ನಿನಗೆ ಇಷ್ಟವೇ, ಪಾಠದಲ್ಲಿ ಮನಸ್ಸು ನಿಲ್ಲುತ್ತದೆಯೇ, ಶಿಕ್ಷಕರು ನಿನ್ನ ಮಾತು ಕೇಳುತ್ತಾರೆಯೇ ಎಂದು ಟ್ಯಾಬ್ಲೆಟ್ಟಿನಲ್ಲಿ ಪ್ರಶ್ನೆಗಳು ಬರುತ್ತವೆ. ಪ್ರತಿಯೊಂದರ ಕೆಳಗೂ ಮೂರು ಮುಖ: ನಗುಮುಖ, ಸಪ್ಪೆಮುಖ, ಅಳುಮುಖ. ಮಕ್ಕಳು ಯಾವುದಾದರೊಂದನ್ನು ಒತ್ತಬೇಕು. ಎಲ್ಲರೂ ಎಲ್ಲದಕ್ಕೂ ನಗುಮುಖವನ್ನೇ ಒತ್ತಿದರೆ ಶಾಲೆಗೆ ‘ಶೇಕಡ ನೂರು ಸಂತೋಷ’ ಎಂಬ ಪ್ರಶಸ್ತಿಪತ್ರ. ಅದು ಅಡ್ಮಿಷನ್ನಿನ ಹೊತ್ತಿಗೆ ಸರಿಯಾಗಿ ಗೇಟಿನ ಮೇಲೇರಬೇಕು. ಇನ್ನೊಂದು ಫ್ಲೆಕ್ಸಿಗೆ ಜಾಗವನ್ನೂ ಅಳತೆ ಮಾಡಿಸಿಟ್ಟಿದ್ದಾರೆ. ಅಂಥ ಹೊತ್ತಿನಲ್ಲಿ ಒಂಬತ್ತನೇ ‘ಬಿ’ಯಿಂದ ಒಂದು ಅಳುಮುಖ!

“ಪ್ರಿಪರೇಟರಿನೂ ಮಾಡ್ಸಿದ್ವಿ ಮೇಡಂ,” ಎಂದಳು ಲಾವಣ್ಯ, ತನ್ನ ತಪ್ಪೇನೂ ಇಲ್ಲವೆನ್ನುವಂತೆ. “ಎರಡು ಸಲ. ಬೋರ್ಡ್ ಮೇಲೆ ಮುಖ ಬರೆದು ತೋರ್ಸಿದ್ದೆ, ಯಾವುದು ಒತ್ಬೇಕು ಅಂತ.”

ಕೇಳಿದಿರಾ? ಸಂತೋಷಕ್ಕೂ ಪೂರ್ವಸಿದ್ಧತಾ ಪರೀಕ್ಷೆ! ಮಗ್ಗಿ ಉರುಹೊಡೆಸಿದ ಹಾಗೆ ನಗು ಉರುಹೊಡೆಸಿದ್ದಾರೆ. ಅಲಮೇಲಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅದಕ್ಕಿಂತ ಮೊದಲು ಅವರ ತಲೆಯಲ್ಲಿ ಇನ್ನೊಂದು ಮಾತು ಕೊರೆಯುತ್ತಿತ್ತು.

“ಯಾರು ಏನು ಒತ್ತಿದ್ರು ಅಂತ ಯಾರಿಗೂ ಗೊತ್ತಾಗಲ್ಲ, ಹೆಸರು ಬರೆಯೋ ಹಾಗಿಲ್ಲ ಅಂತ ಮಕ್ಕಳಿಗೆ ಹೇಳಿದ್ರಂತಲ್ಲ? ಅಪೇಕ್ಷಾನೇ ಮನೇಲಿ ಹೇಳಿದ್ಲು.”

“ಹೆಸರು ಬರೆಸ್ಲಿಲ್ಲ ಮೇಡಂ,” ಎಂದರು ಮೋಹನ್‌ಬಾಬು ಗಂಭೀರವಾಗಿ. “ರೋಲ್ ನಂಬರ್ ಅಷ್ಟೇ.”

“ಯಾಕೆ ಹಾಗೆ ಒತ್ತಿದೆ ಅಂತ ಅವಳನ್ನ ಕೇಳಿದ್ರಾ?”

ಮೋಹನ್‌ಬಾಬು ಲಾವಣ್ಯಳ ಮುಖ ನೋಡಿದರು. ಲಾವಣ್ಯ ನೆಲ ನೋಡಿದಳು. ಕೇಳಿರಲಿಲ್ಲ. ಮಗು ಅತ್ತಿದೆ ಎಂದು ಅಜ್ಜಿಯನ್ನು ತುರ್ತಾಗಿ ಕರೆಸಿದ್ದಾರೆ, ರೋಲ್ ನಂಬರ್ ಹುಡುಕಿದ್ದಾರೆ, ಮೀಟಿಂಗ್ ಮಾಡಿದ್ದಾರೆ. ಯಾಕಮ್ಮಾ ಅತ್ತೆ ಎಂಬ ಒಂದು ಮಾತು ಮಾತ್ರ ಯಾರ ಬಾಯಿಂದಲೂ ಬಂದಿಲ್ಲ.

“ಅದೆಲ್ಲ ಈಗ ಬೇಡ ಮೇಡಂ. ಸರಿಮಾಡೋದು ಹೆಂಗೆ ಅಂತ ನೋಡಣ. ನಾಳೆ ಕಂಪನಿಯವರು ಲೆಕ್ಕ ಮುಗಿಸೋಕೆ ಬರ್ತಾರೆ. ಅವರ ಮುಂದೆ ಮಗು ಇನ್ನೊಂದು ಸಲ ಒತ್ತಲಿ. ನಗುಮುಖ ಒತ್ತಿದ್ರೆ ಮುಗೀತು, ನಾನೂ ಮರೀತೀನಿ, ನೀವೂ ಮರೀರಿ.”

“ಒತ್ತದಿದ್ರೆ?”

ಮೋಹನ್‌ಬಾಬು ಕುರ್ಚಿಗೆ ಒರಗಿದರು. ದನಿಯಲ್ಲಿ ಇನ್ನಷ್ಟು ಬೆಲ್ಲ ಬೆರೆಯಿತು. “ಸಂತೋಷ ಇಲ್ಲದ ಮಗೂನ ಬಲವಂತವಾಗಿ ಇಟ್ಕೊಳ್ಳೋದು ನಮಗೂ ಸರಿ ಅನ್ಸಲ್ಲ ಮೇಡಂ. ಟಿಸಿ ಕೊಡ್ತೀವಿ. ಅವಳಿಗೆ ಎಲ್ಲಿ ಸಂತೋಷವೋ ಅಲ್ಲಿ ಓದ್ಲಿ.”

ಅಲಮೇಲಮ್ಮ ಎದ್ದು ಬಂದರು. ಕಚೇರಿಯಲ್ಲಿ ಎಷ್ಟೋ ಬಗೆಯ ದಬ್ಬಾಳಿಕೆ ನೋಡಿದ್ದರು. ಬೈದವರು, ಮೇಜು ಗುದ್ದಿದವರು, ವರ್ಗ ಮಾಡಿಸುತ್ತೇನೆಂದು ಹೆದರಿಸಿದವರು ಎಲ್ಲರೂ ಇದ್ದರು. ಆದರೆ ಅತ್ತ ತಪ್ಪಿಗೆ ಮಗುವನ್ನು ಹೊರಗೆ ಹಾಕುತ್ತೇವೆ ಎಂದು ಇಷ್ಟು ಮೆತ್ತಗೆ ಹೇಳಿದವರನ್ನು ಅವರು ಕಂಡಿರಲಿಲ್ಲ.

ಸಂಜೆ ಅಪೇಕ್ಷಾ ಬ್ಯಾಗ್ ಇಳಿಸಿ, ಹಾಲು ಕುಡಿದು ಮುಗಿಸುವ ತನಕ ಅಲಮೇಲಮ್ಮ ಏನೂ ಕೇಳಲಿಲ್ಲ. ಅವರೆಕಾಯಿಯ ಮೊರವನ್ನು ಇಬ್ಬರ ನಡುವೆ ಇಟ್ಟುಕೊಂಡು, ಸುಲಿಯುತ್ತಲೇ, ಬೇರೆ ಏನನ್ನೋ ವಿಚಾರಿಸುವವರಂತೆ ಕೇಳಿದರು.

“ಸ್ಕೂಲಲ್ಲಿ ಏನಾದ್ರೂ ಕಷ್ಟ ಇದೆಯೇನೇ ಪುಟ್ಟಿ? ಯಾರಾದ್ರೂ ಏನಾದ್ರೂ ಅಂದ್ರಾ?”

“ಪ್ರಿನ್ಸಿಪಾಲ್ ನಿನ್ನ ಕರೆಸಿದ್ರಲ್ಲ? ಕ್ಲಾಸಲ್ಲಿ ಎಲ್ಲರಿಗೂ ಗೊತ್ತು,” ಎಂದಳು ಅಪೇಕ್ಷಾ. ಕಿವಿ ಕೆಂಪಾಗಿತ್ತು. “ನಾನು ಎಲ್ಲದಕ್ಕೂ ನಗುಮುಖಾನೇ ಒತ್ತಿದೀನಿ ಅಜ್ಜಿ, ಮಿಸ್ ಹೇಳ್ಕೊಟ್ಟ ಹಾಗೇ. ಒಂದೇ ಒಂದಕ್ಕೆ ಒತ್ತೋಕಾಗ್ಲಿಲ್ಲ.”

“ಯಾವುದಕ್ಕೆ?”

“ಶಾಲೆಯಲ್ಲಿ ನಿನಗೆ ಆಪ್ತ ಗೆಳತಿ ಇದ್ದಾಳೆಯೇ ಅಂತ ಇತ್ತು. ಇಲ್ವಲ್ಲ ಅಜ್ಜಿ. ಸೌಜನ್ಯ ಹೋದ್ಲಲ್ಲ.”

ಸೌಜನ್ಯ ಅಲಮೇಲಮ್ಮನಿಗೆ ಗೊತ್ತಿದ್ದ ಹುಡುಗಿಯೇ. ಮಂಡಿಕಲ್‌ನ ಲೈನ್‌ಮನ್ ನರಸಿಂಹಪ್ಪನ ಮಗಳು. ಒಂದನೇ ತರಗತಿಯಿಂದ ಇಬ್ಬರೂ ಒಂದೇ ಬೆಂಚು, ಒಂದೇ ಊಟದ ಡಬ್ಬಿ ಎನ್ನುವ ಹಾಗೆ ಬೆಳೆದಿದ್ದರು. ಬಸ್ಸು ತಪ್ಪಿದ ದಿನ ಇದೇ ಮನೆಯಲ್ಲಿ ಕೂತು, ಬಾಯ್ತುಂಬ ಮಾತಾಡುತ್ತ, ಅಲಮೇಲಮ್ಮ ಮಾಡಿದ ಪುಳಿಯೋಗರೆಯನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದವಳು. ದಸರೆಯ ಆಚೆಗೆ ಅವಳು ಕಾಣಿಸದಿದ್ದಾಗ, ಊರಿನ ಶಾಲೆಗೇ ಸೇರಿದಳಂತೆ, ಓಡಾಟ ಕಷ್ಟವಾಗಿರಬೇಕು ಎಂದುಕೊಂಡು ಅಲಮೇಲಮ್ಮ ಸುಮ್ಮನಾಗಿದ್ದರು.

“ಅವಳಾಗೇ ಹೋದ್ಲು ಅಂದ್ಕೊಂಡಿದ್ದೆ ಕಣೇ.”

“ಅವಳಾಗೇ ಯಾಕೆ ಹೋಗ್ತಾಳೆ? ಅವಳಿಗೆ ಮ್ಯಾಥ್ಸ್ ಬರಲ್ಲ. ಹಾಫ್ ಇಯರ್ಲಿ ಆದ್ಮೇಲೆ ಮ್ಯಾಥ್ಸ್ ಬರದೇ ಇರೋರ್ನೆಲ್ಲ ಕರೆದು ಟಿಸಿ ಕೊಟ್ರು. ಪ್ರತಿ ವರ್ಷ ನೈನ್ತಲ್ಲಿ ಕೊಡ್ತಾರೆ ಅಜ್ಜಿ. ಇಲ್ಲಾಂದ್ರೆ ಟೆನ್ತಲ್ಲಿ ಹಂಡ್ರೆಡ್ ಪರ್ಸೆಂಟ್ ಬರಲ್ವಲ್ಲ.”

ಮಗು ಅದನ್ನು ಗಂಟೆ ಹೊಡೆದರೆ ಊಟಕ್ಕೆ ಬಿಡುತ್ತಾರೆ ಎಂಬಷ್ಟು ಸಹಜವಾಗಿ ಹೇಳಿದಳು. ಅಲಮೇಲಮ್ಮನ ಕೈ ನಿಂತಿತು. ಗೇಟಿನ ಮೇಲಿನ ಆ ನೂರು ಹುಟ್ಟುವುದು ಹೀಗೆ! ಎಂಟನೇ ತರಗತಿಯವರೆಗೆ ಮಗುವನ್ನು ಹೊರಗೆ ಹಾಕಲು ಕಾನೂನು ಅಡ್ಡ ಬರುತ್ತದೆ. ಒಂಬತ್ತಕ್ಕೆ ಕಾಲಿಟ್ಟ ಮೇಲೆ ಕೇಳುವವರಿಲ್ಲ. ಅಲ್ಲಿಯವರೆಗೆ ಮುದ್ದಿಸಿ, ಅಲ್ಲಿಂದಾಚೆ ಕಾಳಿನಿಂದ ಕಲ್ಲು ಆರಿಸಿದಂತೆ ಆರಿಸಿ ಎಸೆಯುತ್ತಾರೆ. ಬಾರದ ಮಗುವಿಗೆ ಗಣಿತ ಕಲಿಸಲೆಂದಲ್ಲವೇ ಶಾಲೆ ಇರುವುದು? ಕಲಿಸಲಾಗದಿದ್ದರೆ ಮಗುವನ್ನೇ ಇಲ್ಲವಾಗಿಸಿಬಿಡು, ಆಗ ಎಲ್ಲರಿಗೂ ಗಣಿತ ಬರುತ್ತದೆ! ಈಗ ಅದೇ ಜಾಣತನವನ್ನು ಸಂತೋಷಕ್ಕೂ ಹಚ್ಚಿದ್ದಾರೆ. ಅಳುವವರನ್ನು ಗೇಟಿನಾಚೆ ದಬ್ಬಿದರೆ ಒಳಗಿರುವವರೆಲ್ಲ ನಗುವವರೇ.

ರಾತ್ರಿ ಊಟಕ್ಕೆ ಕೂತಾಗ ಅಲಮೇಲಮ್ಮ ಮಗ ಸೊಸೆಯ ಮುಂದೆ ಎಲ್ಲವನ್ನೂ ಹೇಳಿದರು. ಶ್ರೀಕರನಿಗೆ ಸಿಟ್ಟು ಬರುತ್ತದೆ, ನಾಳೆ ರಜೆ ಹಾಕಿ ಶಾಲೆಗೆ ನುಗ್ಗುತ್ತಾನೆ ಎಂದುಕೊಂಡಿದ್ದರು. ಅವನು ಹಿಡಿದದ್ದು ಬೇರೆ ದಾರಿ.

“ಅಮ್ಮ, ಮುಂದಿನ ವರ್ಷ ಟೆನ್ತು. ಈಗ ಟಿಸಿ ಕೊಟ್ರೆ ವರ್ಷದ ಕೊನೇಲಿ ಯಾವ ಸ್ಕೂಲ್ ತಗೊಳ್ಳುತ್ತೆ? ಒಂದು ಮುಖ ಒತ್ತೋದು ತಾನೇ. ಒತ್ತಿಬಿಡ್ಲಿ.”

“ಸುಳ್ಳು ಒತ್ತು ಅಂತ ಮಗಳಿಗೆ ಹೇಳ್ಕೊಡ್ತೀಯೇನೋ?”

“ಇದರಲ್ಲಿ ಸುಳ್ಳೇನು ಬಂತು ಅತ್ತೆ?” ಎಂದಳು ಶುಭಾ, ದಣಿದ ದನಿಯಲ್ಲಿ. “ನಮ್ಮ ಆಫೀಸಲ್ಲೂ ಪ್ರತಿ ವರ್ಷ ಇಂಥದ್ದೇ ಬರುತ್ತೆ. ನೀವು ಇಲ್ಲಿ ಖುಷಿಯಾಗಿದೀರಾ ಅಂತ. ನಾವೆಲ್ಲ ಐದಕ್ಕೆ ಐದು ಸ್ಟಾರ್ ಒತ್ತಿ ಬರ್ತೀವಿ. ನಿಜ ಯಾರಿಗೆ ಬೇಕಾಗಿದೆ?”

ಅಪೇಕ್ಷಾ ತಟ್ಟೆಯಲ್ಲಿದ್ದ ಹುಳಿಯನ್ನವನ್ನು ಬೆರಳಿನಿಂದ ಅತ್ತಿತ್ತ ಮಾಡುತ್ತಿದ್ದಳು. ಅಪ್ಪನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು, ಕೊನೆಗೆ ಅಜ್ಜಿಯನ್ನು ನೋಡಿದಳು. “ಸರಿ ಬಿಡಿ, ನಾಳೆ ನಗುಮುಖಾನೇ ಒತ್ತೀನಿ,” ಎಂದು ತಟ್ಟೆ ಎತ್ತಿಕೊಂಡು ಎದ್ದಳು.

ಅಲಮೇಲಮ್ಮ ಬಾಯಿ ತೆರೆಯಲಿಲ್ಲ. ಮೊಮ್ಮಗಳ ಹತ್ತನೇ ತರಗತಿ ಎಂಬುದು ಅವರನ್ನೂ ಕಟ್ಟಿಹಾಕಿತ್ತು. ಹಾಸಿಗೆಗೆ ಹೋದ ಮೇಲೆ ಮಾತ್ರ ಸಿಟ್ಟು ಬೆಂಕಿಯ ಹಾಗೆ ಎದ್ದು ಕೂತಿತು. ಮೋಹನ್‌ಬಾಬುವಿನ ಮೇಲೆ, ಮಗ ಸೊಸೆಯ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಬಾಯಿ ಹೊಲಿದುಕೊಂಡು ಕೂತ ತಮ್ಮ ಮೇಲೆ.

ಮರುದಿನ ಅಜ್ಜಿ ಮೊಮ್ಮಗಳು ಶಾಲೆಗೆ ಹೋದಾಗ ವರಾಂಡದಲ್ಲಿ ಹಿಂದಿನ ದಿನಕ್ಕಿಂತ ಹೆಚ್ಚು ಜನ ಅಡ್ಮಿಷನ್ನಿಗೆ ಬಂದು ಕೂತಿದ್ದರು. ಮೋಹನ್‌ಬಾಬುವಿನ ಕೊಠಡಿಯಲ್ಲಿ ಕಂಪನಿಯ ಹುಡುಗ ಗಣೇಶ್ ಪ್ರಸಾದ್ ಟ್ಯಾಬ್ಲೆಟ್ ಮುಂದಿಟ್ಟುಕೊಂಡು ಟೀ ಕುಡಿಯುತ್ತಿದ್ದ. ಇವರು ಬಾಗಿಲು ದಾಟುವುದೇ ತಡ, ಲಾವಣ್ಯ ನಗುನಗುತ್ತ ಎದುರಿಗೆ ಬಂದಳು.

“ನೀವು ಯೋಚ್ನೆ ಮಾಡೋದೇ ಬೇಡ ಮೇಡಂ, ಎಲ್ಲಾ ಸರಿಹೋಯ್ತು! ಬೆಳಿಗ್ಗೆನೇ ನಾನು ಅವಳ ರೋಲ್ ನಂಬರ್ ಹಾಕಿ ನಗುಮುಖ ಒತ್ತಿಬಿಟ್ಟೆ. ಸುಮ್ನೆ ಮಗೂಗ್ಯಾಕೆ ಟೆನ್ಷನ್ನು ಅಂತ.”

“ಶೇಕಡ ನೂರಮ್ಮಾ!” ಎಂದು ಮೋಹನ್‌ಬಾಬು ಪೇಡದ ಡಬ್ಬಿಯನ್ನು ಮುಂದಕ್ಕೆ ತಳ್ಳಿದರು. “ತಗೊಳ್ಳಿ. ತಗೋ ಮಗೂ, ಬಾಯಿ ಸಿಹಿ ಮಾಡ್ಕೋ.”

ನಿಜ ಹೇಳಬೇಕೆಂದರೆ, ಅಲಮೇಲಮ್ಮನಿಗೆ ಒಂದು ಗಳಿಗೆ ಹಾಯೆನಿಸಿತು. ಟಿಸಿಯ ಭಯ ತಪ್ಪಿತು. ಮಗುವೂ ಸುಳ್ಳು ಒತ್ತಲಿಲ್ಲ, ಕೆಲಸವೂ ಆಯಿತು. ಇನ್ನೇನು ಬೇಕು? ಸದ್ಯ ಎಂದುಕೊಂಡು ಪೇಡಕ್ಕೆ ಕೈ ಚಾಚುವಷ್ಟರಲ್ಲಿ ಪಕ್ಕದಿಂದ ಅಪೇಕ್ಷಾಳ ದನಿ ಕೇಳಿಸಿತು.

“ಮಿಸ್, ನನ್ನ ಉತ್ತರ ನೀವ್ಯಾಕೆ ಒತ್ತಿದ್ರಿ?”

“ನಿನ್ನ ಒಳ್ಳೇದಕ್ಕೇ ಕಣಮ್ಮ.”

“ಅದು ನಂದಲ್ವಾ ಮಿಸ್?”

ಲಾವಣ್ಯ ಮೋಹನ್‌ಬಾಬುವಿನ ಕಡೆ ತಿರುಗಿದಳು. ಮೋಹನ್‌ಬಾಬು ಪೇಡದ ಡಬ್ಬಿಗೆ ಮುಚ್ಚಳ ಹಾಕಿದರು. ಅಪೇಕ್ಷಾಳ ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಅವಳು ತಲೆ ತಗ್ಗಿಸಿರಲಿಲ್ಲ. ಅದನ್ನು ನೋಡಿ ಅಲಮೇಲಮ್ಮನಿಗೆ ಮೈಯೆಲ್ಲ ಉರಿಯಿತು. ರಾತ್ರಿ ಈ ಕೂಸು ಮೂವರು ದೊಡ್ಡವರ ಮುಖ ನೋಡಿ, ತನ್ನ ಮನಸ್ಸನ್ನು ತಾನೇ ಚಿವುಟಿಕೊಂಡು, ಸುಳ್ಳು ಒತ್ತುತ್ತೇನೆ ಎಂದು ಒಪ್ಪಿಕೊಂಡಿತ್ತು. ಅಷ್ಟೂ ಇವರಿಗೆ ಬೇಕಾಗಿರಲಿಲ್ಲ. ಮಗು ನಕ್ಕರೆಷ್ಟು ಅತ್ತರೆಷ್ಟು, ಮಗುವಿನ ಬೆರಳೇ ಇವರಿಗೆ ಬೇಡ, ರೋಲ್ ನಂಬರ್ ಒಂದಿದ್ದರೆ ಸಾಕು.

ಅಲಮೇಲಮ್ಮ ಮೊಮ್ಮಗಳನ್ನು ತಮ್ಮ ಕಡೆ ತಿರುಗಿಸಿಕೊಂಡರು. “ನಿಂಗೇನು ಬೇಕು ಹೇಳು ಪುಟ್ಟಿ. ನಿನ್ನೆಯಿಂದ ಒಬ್ಬರೂ ನಿನ್ನ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಬೇರೆ ಸ್ಕೂಲಿಗೆ ಹೋಗ್ಬೇಕಾ?”

ಅಪೇಕ್ಷಾ ತೋಳಿನಿಂದ ಮೂಗು ಒರೆಸಿಕೊಂಡಳು. “ನಾನು ಇಲ್ಲೇ ಓದ್ತೀನಿ ಅಜ್ಜಿ. ನನ್ನ ಉತ್ತರ ನಂಗೆ ವಾಪಸ್ ಬೇಕು.”

“ಕೇಳಿಸ್ತಲ್ಲ ಸರ್? ವಾಪಸ್ ಕೊಡಿ,” ಎಂದರು ಅಲಮೇಲಮ್ಮ.

“ಮೇಡಂ, ಮುಗಿದ ವಿಷಯಾನ ಯಾಕೆ ಕೆದಕ್ತೀರಿ? ಒಂದು ಮಗು, ಒಂದು ಪ್ರಶ್ನೆ…”

“ಒಂದೇ ಪ್ರಶ್ನೆ ಆದ್ರೆ ನಿಮಗೇಕೆ ಇಷ್ಟು ಭಯ? ಕೊಟ್ಬಿಡಿ.”

ಮೋಹನ್‌ಬಾಬುವಿನ ಮುಖದ ಸಿಹಿಯೆಲ್ಲ ಇಳಿದುಹೋಯಿತು. ಡ್ರಾಯರ್ ಎಳೆದು ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಟೈಪು ಮಾಡಿಸಿ ಸಿದ್ಧವಾಗಿಯೇ ಇಟ್ಟಿದ್ದ ಪತ್ರ, ಪೋಷಕರ ಸಹಿಗೆ ಮಾತ್ರ ಜಾಗ ಖಾಲಿ. “ಹಂಗಾದ್ರೆ ಇದಕ್ಕೆ ಸಹಿ ಹಾಕಿ, ಟಿಸಿ ತಗೊಂಡು ಹೋಗಿ. ನನಗೂ ಸಾಕಾಯ್ತು.”

ಅಲಮೇಲಮ್ಮ ಪತ್ರ ಓದಿದರು. ‘ವೈಯಕ್ತಿಕ ಕಾರಣಗಳಿಂದ ನಮ್ಮ ಮಗುವಿನ ವರ್ಗಾವಣೆ ಪತ್ರವನ್ನು ನೀಡಬೇಕಾಗಿ ಕೋರುತ್ತೇವೆ.’ ತಾಲ್ಲೂಕು ಕಚೇರಿಯಲ್ಲಿ ಕೂದಲು ನರೆಸಿಕೊಂಡ ಹೆಂಗಸಿಗೆ ಈ ಬಗೆಯ ಪತ್ರ ಹೊಸದೇ? ಕುತ್ತಿಗೆ ಹಿಡಿದು ದಬ್ಬುವವರು ಯಾರೋ, ನಾನಾಗಿಯೇ ಹೊರಟೆ ಎಂದು ಬರೆದುಕೊಡಬೇಕಾದವರು ಇನ್ಯಾರೋ. ಅವರು ಹಾಳೆಯನ್ನು ಮೋಹನ್‌ಬಾಬುವಿನ ಕಡೆಗೇ ತಿರುಗಿಸಿ ಇಟ್ಟರು.

“ನಾನು ಏನನ್ನೂ ಕೋರಿಲ್ಲ. ಕಳಿಸೋರು ನೀವು, ಕಾರಣ ನೀವೇ ಬರೀರಿ. ‘ನನಗೆ ಗೆಳತಿ ಇಲ್ಲ ಅಂತ ಈ ಮಗು ನಿಜ ಹೇಳಿದ್ದಕ್ಕೆ ಶಾಲೆಯಿಂದ ಹೊರಗೆ ಹಾಕಿದ್ದೇವೆ’ ಅಂತ ಬರೆದು, ಸಹಿ ಮಾಡಿ, ಸೀಲು ಹೊಡೀರಿ. ಇಲ್ಲಿಂದ ನೆಟ್ಟಗೆ ಬಿಇಓ ಆಫೀಸಿಗೇ ತಗೊಂಡು ಹೋಗ್ತೀನಿ.”

“ಅಂಥದ್ದೆಲ್ಲ ಬರೆಯೋಕಾಗುತ್ತಾ ಮೇಡಂ?”

“ಬರೆಯೋಕೆ ಆಗದೇ ಇರೋದನ್ನ ಮಾಡೋಕೆ ಹೇಗೆ ಆಗುತ್ತೆ?”

ಅಲಮೇಲಮ್ಮ ಕುರ್ಚಿ ಎಳೆದು ಕೂತೇಬಿಟ್ಟರು. ಪೆನ್ನಿನ ಮುಚ್ಚಳ ತೆಗೆದು ಪೆನ್ನನ್ನು ಹಾಳೆಯ ಮೇಲಿಟ್ಟರು. ಮೋಹನ್‌ಬಾಬು ಪೆನ್ನು ಮುಟ್ಟಲಿಲ್ಲ. ಕಿಟಕಿ ನೋಡಿದರು, ಫೋನ್ ನೋಡಿದರು, ವರಾಂಡದಲ್ಲಿ ಕಾದಿದ್ದ ಜನರ ತಲೆಗಳನ್ನು ನೋಡಿದರು. ಕೊನೆಗೆ ಹಾಳೆಯನ್ನು ಮಡಚಿ ಡ್ರಾಯರಿಗೆ ಹಾಕಿ, “ಏನು ಬೇಕೋ ಒತ್ತಿಸಿಕೊಂಡು ಹೋಗ್ರಿ, ಸ್ವಾಮಿ,” ಎಂದರು ಗಣೇಶ್ ಪ್ರಸಾದನಿಗೆ.

ಗಣೇಶ್ ಪ್ರಸಾದ್ ಅಪೇಕ್ಷಾಳ ಉತ್ತರ ತೆರೆದು ಟ್ಯಾಬ್ಲೆಟ್ಟನ್ನು ಅವಳ ಮುಂದಿಟ್ಟ. ಶಾಲೆಯಲ್ಲಿ ನಿನಗೆ ಆಪ್ತ ಗೆಳತಿ ಇದ್ದಾಳೆಯೇ? ಅಪೇಕ್ಷಾ ಅಳುಮುಖ ಒತ್ತಿದಳು. ಅದರ ಕೆಳಗೆ ಒಂದು ಚೌಕ ತೆರೆದುಕೊಂಡಿತು. ‘ಏಕೆ?’ ಎಂದು ಕೇಳುತ್ತಿತ್ತು.

“ಇದು ಅವತ್ತೂ ಬಂದಿತ್ತು,” ಎಂದಳು ಅಪೇಕ್ಷಾ. “ಬರೆಯೋಕೆ ಮುಂಚೆನೇ ಮಿಸ್ ಟ್ಯಾಬ್ ಇಸ್ಕೊಂಡ್ರು.”

“ಅಳುಮುಖ ಒತ್ತಿದ್ರೆ ಮಾತ್ರ ಇದು ಬರೋದು,” ಎಂದ ಗಣೇಶ್ ಪ್ರಸಾದ್. “ಟೈಮ್ ತಗೊಂಡು ಬರಿ.”

ಅಪೇಕ್ಷಾ ಬರೆಯತೊಡಗಿದಳು. ಒಂದು ಸಾಲು ಬರೆದು ನಿಲ್ಲಿಸುವಳು, ಅಳಿಸುವಳು, ಮತ್ತೆ ಬರೆಯುವಳು. ಮೋಹನ್‌ಬಾಬು ಕುರ್ಚಿಯಲ್ಲಿ ಮಿಸುಕಾಡುತ್ತ ಕತ್ತು ಚಾಚಿ ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ ಗಣೇಶ್ ಪ್ರಸಾದನನ್ನು ಕೇಳಿದರು.

“ಇದನ್ನೆಲ್ಲ ಯಾರಪ್ಪ ಓದೋದು?”

“ಇದನ್ನ ಯಾರೂ ಓದಲ್ಲ ಸರ್,” ಎಂದ ಆ ಹುಡುಗ. ಕೆಟ್ಟವನಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. “ರಿಪೋರ್ಟಿಗೆ ಪರ್ಸೆಂಟೇಜ್ ಮಾತ್ರ ಹೋಗುತ್ತೆ. ಬರೆದಿದ್ದು ಹಾಗೇ ಒಳಗೆ ಬಿದ್ದಿರುತ್ತೆ.”

ಮೋಹನ್‌ಬಾಬು ನೆಮ್ಮದಿಯಾಗಿ ಹಿಂದಕ್ಕೆ ಒರಗಿದರು. ಅಪೇಕ್ಷಾಳ ಬೆರಳು ಗಾಜಿನ ಮೇಲೆ ಅಲ್ಲೇ ನಿಂತುಬಿಟ್ಟಿತು. ಅಲಮೇಲಮ್ಮ ಮೊದಲು ಆ ಬೆರಳನ್ನು ನೋಡಿದರು, ಆಮೇಲೆ ಆ ಮೂವರನ್ನು. ಏಕೆ ಎಂದು ಕೇಳುವುದು, ಉತ್ತರ ಬರುವಷ್ಟರಲ್ಲಿ ಬೆನ್ನು ತಿರುಗಿಸಿಕೊಂಡು ಹೋಗುವುದು! ಇದಕ್ಕಾಗಿ ಒಂದು ಮನೆಯವರ ನಿದ್ದೆ ಕೆಡಿಸಿದರು, ಒಂದು ಮಗುವನ್ನು ಕಳ್ಳನಂತೆ ಹುಡುಕಿ ಹಿಡಿದರು. ಮಕ್ಕಳೆಂದರೆ ಇವರಿಗೆ ಏನು?

“ಬರೆದು ಮುಗಿಸು ಪುಟ್ಟಿ,” ಎಂದರು. “ನಾನು ಓದ್ತೀನಿ.”

ಅವಳು ಮುಗಿಸಿದಳು. ಅಲಮೇಲಮ್ಮ ಟ್ಯಾಬ್ಲೆಟ್ ಕೈಗೆತ್ತಿಕೊಂಡು ಕನ್ನಡಕ ಸರಿಮಾಡಿಕೊಂಡರು. ಗಣೇಶ್ ಪ್ರಸಾದ್ “ಮೇಡಂ, ಅದು ಕಂಪನಿದು” ಎನ್ನುತ್ತಿರುವಾಗಲೇ ಹೋಗಿ ಬಾಗಿಲು ತೆರೆದು ಹೊಸ್ತಿಲ ಮೇಲೆ ನಿಂತರು. ವರಾಂಡದಲ್ಲಿದ್ದವರೆಲ್ಲ ತಲೆಯೆತ್ತಿದರು. ಕಚೇರಿಯಲ್ಲಿ ಜನರ ಗದ್ದಲದ ಮೇಲೆ ಹೆಸರು ಕೂಗಿ ಪಳಗಿದ ಗಂಟಲು ಅದು.

“ಒಂಬತ್ತನೇ ತರಗತಿ ಮಗು ಬರೆದಿರೋದು ಇದು. ಯಾರೂ ಓದಲ್ವಂತೆ, ಅದಕ್ಕೆ ಓದ್ತಾ ಇದೀನಿ,” ಎಂದು ಶುರುಮಾಡಿದರು. “‘ಸೌಜನ್ಯ ನನ್ನ ಪಕ್ಕ ಕೂರುತ್ತಿದ್ದಳು. ಅವಳಿಗೆ ಗಣಿತ ಬರುವುದಿಲ್ಲ ಎಂದು ಟಿಸಿ ಕೊಟ್ಟು ಕಳಿಸಿದರು. ಅವಳ ಅಪ್ಪ ಕೇಳಿದ್ದಕ್ಕೆ ಕೊಟ್ಟೆವು ಎಂದು ಬರೆದಿದ್ದಾರೆ. ಅವರು ಕೇಳಲಿಲ್ಲ. ನಾನು ಆಫೀಸಿನ ಹೊರಗೆ ನಿಂತಿದ್ದೆ. ಕಳಿಸಬೇಡಿ ಸಾರ್, ಮನೆಯಲ್ಲಿ ಓದಿಸುತ್ತೇನೆ ಎಂದು ಅವರು ಕೈಮುಗಿದು ಅಳುತ್ತಿದ್ದರು.’”

ಅಲಮೇಲಮ್ಮ ಅಲ್ಲಿ ಓದು ನಿಲ್ಲಿಸಿ ಮೊಮ್ಮಗಳ ಕಡೆ ತಿರುಗಿದರು. ಕೈಮುಗಿದದ್ದನ್ನು ಅಪೇಕ್ಷಾ ಮನೆಯಲ್ಲಿ ಹೇಳಿರಲಿಲ್ಲ. ಕಂಬ ಹತ್ತುವ ಆ ಗಟ್ಟಿ ಆಳು ಈ ಕೊಠಡಿಯಲ್ಲಿ ಅತ್ತದ್ದನ್ನು ಈ ಮಗು ಇಷ್ಟು ದಿನ ಒಬ್ಬಳೇ ಹೊತ್ತುಕೊಂಡು ತಿರುಗಿದ್ದಾಳೆ. ಅವರು ಮುಂದೆ ಓದಿದರು.

“‘ಈಗ ಅವಳ ಜಾಗದಲ್ಲಿ ನಾವು ಬ್ಯಾಗ್ ಇಡುತ್ತೇವೆ. ಹೋದವರನ್ನೂ ಸೇರಿಸಿ ಲೆಕ್ಕ ಹಾಕಿದರೆ ನೂರು ಬರುವುದಿಲ್ಲ.’”

ಮೋಹನ್‌ಬಾಬು ಬಿರುಬಿರನೆ ಬಾಗಿಲಿಗೆ ಬಂದು, “ಏನಿಲ್ಲ, ಏನಿಲ್ಲ, ಚಿಕ್ಕ ಮಿಸ್ಅಂಡರ್‌ಸ್ಟ್ಯಾಂಡಿಂಗು, ನೀವೆಲ್ಲ ಕೂತ್ಕೊಳ್ಳಿ” ಎಂದರು. ಬೆಂಚಿನ ತುದಿಯಿಂದ ಒಬ್ಬ ಹೆಂಗಸು ಎದ್ದು ನಿಂತಳು. ಪೆರೇಸಂದ್ರದ ಕಡೆಯವಳು, ಕಂಕುಳಲ್ಲಿ ನಾಲ್ಕು ವರ್ಷದ ಹುಡುಗಿ, ಕೈಯಲ್ಲಿ ತುಂಬಿಸಿದ ಅರ್ಜಿ.

“ಸಾರ್, ಒಂಬತ್ತಕ್ಕೆ ಬಂದ್ಮೇಲೆ ನಮ್ಮ ಮಗೀನೂ ಹಿಂಗೇ ಕಳಿಸ್ಬಿಡ್ತೀರಾ?”

“ಅಯ್ಯೋ, ಅಂಥದ್ದೇನಿಲ್ಲಮ್ಮಾ. ನೀನು ಒಳಗೆ ಬಾ, ಕೂತು ಮಾತಾಡಣ.”

“ಒಳಗ್ಯಾಕೆ ಸಾರ್, ಇಲ್ಲೇ ಹೇಳಿ,” ಎಂದಳು ಆಕೆ. ಬೆಂಚಿನ ಮೇಲಿದ್ದ ಉಳಿದವರೂ ಒಬ್ಬೊಬ್ಬರಾಗಿ ಎದ್ದು ಅವಳ ಪಕ್ಕಕ್ಕೆ ಬಂದು ನಿಂತರು.